ಬ್ರೇಕ್ ಅಕ್ಕೋರ ಮಗಳ ಮೊದಲ ವಿಮಾನ

ಪೈಲಟ್ ಹುಡುಗನಿಗೆ ಹೆಣ್ಣು ಕೊಡುವವರು ಈಗ ಗೋತ್ರ ಕೇಳುವುದಿಲ್ಲ, "ಮೊದಲನೇ ವಿಮಾನ ಯಾವುದು?" ಎಂದು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೂ ಇಲ್ಲ. ಗೋತ್ರವನ್ನಾದರೂ ದತ್ತು ಹೋಗಿ ಬದಲಾಯಿಸಿಕೊಳ್ಳಬಹುದು, ಮೊದಲನೇ ವಿಮಾನವನ್ನು ಬದಲಾಯಿಸಲು ಬರುವುದಿಲ್ಲ.

ಇದೆಲ್ಲ ಶುರುವಾದದ್ದು ಅಚ್ಚಿನ ಟೊಪ್ಪಿಗೆ ಬಂದ ಮೇಲೆ. ನೋಡಲು ಅದು ಬೋರಲು ಹಾಕಿದ ಬಾಣಲೆಯಂತಿದೆ. ತಲೆಗೆ ಹಾಕಿ ಸಿಮ್ಯುಲೇಟರಿನಲ್ಲಿ ಕೂರಿಸಿದರೆ, ಕೈಕಾಲು ಮಾಡುವ ಪ್ರತಿ ಕೆಲಸವನ್ನೂ ಅದು ಕಿರುಮೆದುಳಿನಲ್ಲಿ ಒತ್ತಿ ಅಚ್ಚು ಹಾಕುತ್ತದೆ. ಮೊದಲು ನಾಲ್ಕು ವರ್ಷ ಹಿಡಿಯುತ್ತಿದ್ದ ಕಲಿಕೆ ಮೂರು ವಾರಕ್ಕೆ ಮುಗಿಯುತ್ತದೆ. ಆದರೆ ಮೊದಲು ಬಿದ್ದ ಅಚ್ಚು ತಳಕ್ಕೆ ಇಳಿದು ಕೂರುತ್ತದೆ. ಅದರ ಮೇಲೆ ಇನ್ನೆಷ್ಟು ವಿಮಾನ ಕಲಿತರೂ, ಗಾಬರಿಯಾದ ಗಳಿಗೆಯಲ್ಲಿ ಮೇಲೆದ್ದು ಬರುವುದು ತಳದ್ದೇ. "ಮನುಷ್ಯ ಎಷ್ಟು ಭಾಷೆ ಕಲಿತಿದ್ದರೂ ಚೇಳು ಕಚ್ಚಿದಾಗ ತಾಯ್ನುಡಿಯಲ್ಲೇ ಕಿರುಚುತ್ತಾನೆ, ಇದೂ ಹಾಗೆಯೇ," ಎನ್ನುತ್ತಾರೆ ನಮ್ಮ ಕೇಂದ್ರದ ಮುಖ್ಯಸ್ಥರಾದ ಡಾಕ್ಟರ್ ಕಾಮತರು. ಆದ್ದರಿಂದ ಸರ್ಕಾರ ಒಂದು ನಿಯಮ ಮಾಡಿದೆ. ಯಾವ ಜಾತಿಯ ವಿಮಾನದಲ್ಲಿ ಮೊದಲ ಅಚ್ಚು ಬಿತ್ತೋ, ಆಯುಷ್ಯಪೂರ್ತಿ ಅದೇ ಜಾತಿಯ ವಿಮಾನ ಹಾರಿಸಬೇಕು.

ಇರುವ ಜಾತಿಗಳು ಎರಡು. ಒಂದು ಸಂಪಾತಿ. ಸಮುದ್ರ ದಾಟುವ ದೊಡ್ಡ ಜೆಟ್. ಮುನ್ನೂರು ಜನರನ್ನು ಹೊತ್ತು ಹದಿನಾರು ಗಂಟೆ ಹಾರುತ್ತದೆ. ಒಳಗೆ ಒಬ್ಬನೇ ಪೈಲಟ್, ಉಳಿದದ್ದೆಲ್ಲ ಕಂಪ್ಯೂಟರ್. ಆ ಹೆಸರಿಟ್ಟವರು ರಾಮಾಯಣವನ್ನು ಪೂರ್ತಿ ಓದಿದವರಲ್ಲ ಎಂಬುದು ನನ್ನ ಗುಮಾನಿ. ಓದಿದ್ದರೆ ಸೂರ್ಯನ ಹತ್ತಿರ ಹೋಗಿ ರೆಕ್ಕೆ ಸುಟ್ಟುಕೊಂಡ ಹಕ್ಕಿಯ ಹೆಸರನ್ನು ವಿಮಾನಕ್ಕೆ ಇಡುತ್ತಿರಲಿಲ್ಲ. ಇನ್ನೊಂದು ತೇನೆ, ಅದೂ ಹಕ್ಕಿಯ ಹೆಸರೇ, ನಮ್ಮ ಹೊಲದ ಹಕ್ಕಿಯದು. ಎರಡು ಪಂಖದ, ಐವತ್ತು ಸೀಟಿನ, ಇಬ್ಬರು ಪೈಲಟ್‌ಗಳ ವಿಮಾನ. ಬೀದರ, ಬಳ್ಳಾರಿ, ಕಾರವಾರ ಎಂದು ಸಣ್ಣ ಊರುಗಳ ಸಣ್ಣ ರನ್‌ವೇಗಳಿಗೆ ದಿನಕ್ಕೆ ಆರು ಸಲ ಇಳಿದು ಏರುತ್ತದೆ. ನಾನು ಇಪ್ಪತ್ತಾರು ವರ್ಷ ಹಾರಿಸಿದ್ದು ತೇನೆಯನ್ನು. ಆಮೇಲೆ ಕಿವಿಯೊಳಗಿನ ತೊಂದರೆಯಿಂದ ಲೈಸೆನ್ಸ್ ಹೋಗಿ, ಹುಬ್ಬಳ್ಳಿಯ ಗೋಕುಲ ರಸ್ತೆಯ ಈ ಅಚ್ಚಿನ ಕೇಂದ್ರಕ್ಕೆ ಬಂದು ಸೇರಿದೆ. ಹೆಸರು ವಿರೂಪಾಕ್ಷ ಹಂಚಿನಾಳ. ಅಚ್ಚು ಹಾಕುವ ಮೊದಲು ಅಭ್ಯರ್ಥಿಯ ತಳ ಖಾಲಿಯಿದೆಯೇ ಎಂದು ನೋಡುವ ವಿಭಾಗ ನನ್ನದು. ಹನ್ನೊಂದು ವರ್ಷದಲ್ಲಿ ಸಾವಿರಾರು ಕೈಕಾಲು ನೋಡಿದ್ದೇನೆ. ನೀಲಾ ಬಾರಕೇರಳಂಥ ಕೈ ನೋಡಿರಲಿಲ್ಲ.

ಇಪ್ಪತ್ತೆರಡರ ಹುಡುಗಿ. ಗಿಡ್ಡ, ಗಟ್ಟಿಮುಟ್ಟು, ಮಾತು ಕಡಿಮೆ. ನಾಲ್ಕು ಸಾವಿರ ಅರ್ಜಿಗಳಲ್ಲಿ ಸಂಪಾತಿಗೆ ಆಯ್ಕೆಯಾದ ಒಂಬತ್ತು ಜನರಲ್ಲಿ ಒಬ್ಬಳು. ಅರ್ಜಿಯಲ್ಲಿ "ಯಾಕೆ ಪೈಲಟ್ ಆಗಬೇಕು?" ಎಂಬ ಪ್ರಶ್ನೆಗೆ ಉಳಿದವರು ಎರಡು ಪುಟ ಬರೆದಿದ್ದರು. ಇವಳು, "ಸಮುದ್ರ ದಾಟಬೇಕು. ನಮ್ಮ ಮನೆಯಲ್ಲಿ ಯಾರೂ ಗೋವಾಕ್ಕಿಂತ ಆಚೆ ಹೋಗಿಲ್ಲ," ಎಂದಷ್ಟೇ ಬರೆದಿದ್ದಳು. ನನಗೆ ಅಲ್ಲೇ ಹುಡುಗಿ ಹಿಡಿಸಿಬಿಟ್ಟಳು.

ತಳ ನೋಡುವ ಪರೀಕ್ಷೆ ಸರಳ. ಕುರ್ಚಿ, ಹಿಡಿ, ಕಾಲಿಗೆ ಪೆಡಲು, ಎದುರಿಗೆ ಪರದೆ. ಹನ್ನೆರಡು ಸಲ ಹೇಳದೆ ಕೇಳದೆ ಬೆಚ್ಚಿಬೀಳಿಸುತ್ತೇವೆ. ಕೈಕಾಲು ಎಷ್ಟು ಬೇಗ, ಎತ್ತ ಹೋಗುತ್ತವೆ ಎಂದು ಯಂತ್ರ ಬರೆದುಕೊಳ್ಳುತ್ತದೆ. ನೀಲಾಳ ಕೈ ಎಷ್ಟು ಬೇಗ ಹೋಯಿತೆಂದರೆ ನಾನು ಯಂತ್ರವನ್ನೇ ಅನುಮಾನಿಸಿದೆ. ಆದರೆ ಕಾಲು ಬೇರೆಯೇ ಕಥೆ ಹೇಳಿತು. ಕಾಲೂ ಅಷ್ಟೇ ಬೇಗ ಪೆಡಲಿನ ಮೇಲೆ ಬರುತ್ತಿತ್ತು, ಬಂದು ನಿಲ್ಲುತ್ತಿತ್ತು. ಪಾಯಿಂಟ್ ನಾಲ್ಕು ಸೆಕೆಂಡು. ಆಮೇಲೆ ಒತ್ತುತ್ತಿತ್ತು. ಹನ್ನೆರಡಕ್ಕೆ ಹನ್ನೆರಡು ಸಲವೂ ಹಾಗೆಯೇ.

ಪಾಯಿಂಟ್ ನಾಲ್ಕು ಸೆಕೆಂಡೆಂದರೆ ಒಂದು ಚಿಟಿಕೆಯಷ್ಟು ಹೊತ್ತು. ರನ್‌ವೇ ಮೇಲೆ ಓಡುವ ಸಂಪಾತಿ ಅಷ್ಟರಲ್ಲಿ ಮೂವತ್ತು ಮೀಟರ್ ಮುಂದೆ ಹೋಗಿರುತ್ತದೆ. ಒಬ್ಬನೇ ಪೈಲಟ್ ಇರುವ ಕಡೆ ಪಾಯಿಂಟ್ ಎರಡಕ್ಕಿಂತ ಹೆಚ್ಚು ತಡ ಮಾಡುವವರನ್ನು ಕೂರಿಸುವಂತಿಲ್ಲ.

"ತಳ ಖಾಲಿ ಇಲ್ಲ ಹಂಚಿನಾಳರೇ," ಎಂದರು ಕಾಮತರು ಗೆರೆಗಳನ್ನು ನೋಡಿ. "ಈ ಹುಡುಗಿಯ ಕಾಲಿನಲ್ಲಿ ಆಗಲೇ ಯಾವುದೋ ಯಂತ್ರ ಕೂತಿದೆ. ಯಾವುದು ಅಂತ ಪತ್ತೆ ಮಾಡಿ. ಶನಿವಾರದೊಳಗೆ ಇವಳು ವಿಮಾನದ ಹೆಸರು ಬರೆದುಕೊಡಬೇಕು."

ನೀಲಾಳನ್ನು ಕೇಳಿದರೆ, "ನಾ ಯಾವ ಯಂತ್ರಾನೂ ಮುಟ್ಟಿಲ್ರಿ ಸರ್. ಅವ್ವನ ಕಾರ್ ಬಿಟ್ರ ಏನಿಲ್ಲ," ಎಂದಳು. ಮರುದಿನ ಸಂಜೆ ಅವರ ಮನೆಗೆ ಹೋದೆ.

ಗೋಪನಕೊಪ್ಪದಲ್ಲಿ ಮನೆ. ಮುಂದಿನ ಕೋಣೆಯೇ ಡ್ರೈವಿಂಗ್ ಸ್ಕೂಲಿನ ಆಫೀಸು, ಗೋಡೆ ತುಂಬ ರಸ್ತೆ ಚಿಹ್ನೆಗಳ ಪಟ. ತಂದೆ ಅಳ್ನಾವರದಲ್ಲಿ ರೈಲ್ವೆ ನೌಕರಿ ಮಾಡುತ್ತ ವಾರಕ್ಕೊಮ್ಮೆ ಬರುವವರು. ಸ್ಕೂಲು ನಡೆಸುವವರು ತಾಯಿ ಶಕುಂತಲಾ. ನಮ್ಮ ಕಡೆ ಕಲಿಸುವ ಹೆಂಗಸನ್ನು ಅಕ್ಕೋರು ಎನ್ನುತ್ತೇವಲ್ಲ, ಇವರನ್ನು ಇಡೀ ಹುಬ್ಬಳ್ಳಿ ಬ್ರೇಕ್ ಅಕ್ಕೋರು ಎನ್ನುತ್ತದೆ. ದೊಡ್ಡ ಊರುಗಳಲ್ಲಿ ಕಾರುಗಳು ತಮ್ಮಷ್ಟಕ್ಕೆ ತಾವೇ ಓಡುತ್ತಿದ್ದರೂ, ನಮ್ಮ ಕಡೆಯ ಹೊಲದ ದಾರಿಗಳಲ್ಲಿ ಗೇರ್ ಹಾಕುವ ಗಾಡಿಗಳು ಇನ್ನೂ ಇವೆ. ಅವುಗಳನ್ನು ಕಲಿಯಲು ಎಲ್ಲರೂ ಬರುವುದು ಇವರ ಹತ್ತಿರವೇ. ಇಪ್ಪತ್ತೆಂಟು ವರ್ಷದಲ್ಲಿ ಆರು ಸಾವಿರ ಶಿಷ್ಯರು, ಒಂದೂ ಅಪಘಾತವಿಲ್ಲ. ಅಕ್ಕೋರ ಪದ್ಧತಿಯೇ ಹಾಗಂತೆ. ಕಲಿಯುವವ ಮಂತ್ರಿಯ ಮಗನಿರಲಿ, ಮಾಜಿ ಸೈನಿಕನಿರಲಿ, ಎಡಗಡೆ ಸೀಟಿನಲ್ಲಿ ಕೂತ ಇವರ ಕಾಲು ಎರಡನೇ ಬ್ರೇಕಿನ ಮೇಲಿಂದ ಒಂದು ಗಳಿಗೆಯೂ ಇಳಿಯುವುದಿಲ್ಲ.

ಗಿರಮಿಟ್, ಮಿರ್ಚಿ ಭಜಿ ತಂದಿಟ್ಟು ಅಕ್ಕೋರು, "ಮಗಳ ಪರೀಕ್ಷಾ ಹೆಂಗ ಆತ್ರಿ ಸರ್?" ಎಂದು ಕೇಳಿದರು.

"ಕೈ ಭಾರಿ ಚಲೋ ಅದಾವ್ರಿ. ಕಾಲಿಂದು ಸ್ವಲ್ಪ ನೋಡಬೇಕಾಗೈತಿ," ಎಂದೆ. "ನಿಮ್ಮ ಕಾರ್ ಒಂದ್ ಸಲ ಓಡಿಸಿ ನೋಡ್ಲೇನ್ರಿ?"

ಗೇರ್ ಹಾಕುವ ಕಾರು ಮುಟ್ಟಿ ನನಗೆ ಹದಿನೈದು ವರ್ಷವಾಗಿತ್ತು. ಓಣಿ ದಾಟುವಷ್ಟರಲ್ಲಿ ಎರಡು ಸಲ ಬಂದ್ ಬಿತ್ತು.

"ಕ್ಲಚ್ ಹಗೂರಕ ಬಿಡ್ರಿ ಸರ್," ಎಂದರು ಅಕ್ಕೋರು ಪಕ್ಕದಿಂದ. "ವಿಮಾನ ಅಲ್ಲಿದು. ಇಲ್ಲೆ ಕೆಳಗ ಜನಾ ಅದಾರ."

ಇಪ್ಪತ್ತಾರು ವರ್ಷದ ಕ್ಯಾಪ್ಟನ್ ಬಾಯಿ ಮುಚ್ಚಿಕೊಂಡು ಕ್ಲಚ್ಚನ್ನು ಹಗುರವಾಗಿ ಬಿಟ್ಟ. ತಿರುವಿನಲ್ಲಿ ಒಬ್ಬ ಸೈಕಲ್ಲಿನವನು ಅಡ್ಡ ಬಂದ. ನಾನು ಬ್ರೇಕಿಗೆ ಕಾಲಿಟ್ಟೆ. ಆಗ ನನ್ನ ಬೂಟಿನ ಅಡಿಯಲ್ಲಿ ಪೆಡಲು ಕೂದಲೆಳೆಯಷ್ಟು ಅಲುಗಿತು. ನಾನು ಇನ್ನೂ ಒತ್ತಿರಲಿಲ್ಲ. ಎರಡು ಬ್ರೇಕುಗಳ ನಡುವೆ ಒಂದು ಕಬ್ಬಿಣದ ಸಲಾಕೆಯಿದೆ, ಆ ಕಡೆ ಕಾಲಿಟ್ಟರೆ ಈ ಕಡೆ ಗೊತ್ತಾಗುತ್ತದೆ. ಅಕ್ಕೋರ ಕಾಲಿನ ಭಾರ ನನ್ನ ಪಾದಕ್ಕೆ ಸ್ಪಷ್ಟವಾಗಿ ತಿಳಿಯಿತು.

ಗಾಡಿ ಬದಿಗೆ ನಿಲ್ಲಿಸಿ ಕೇಳಿದೆ. "ನೀಲಾಗ ಎಷ್ಟನೇ ವರ್ಷದಾಗ ಕಲಿಸಿದ್ರಿ?"

"ಹದಿನಾಲ್ಕಕ್ಕ ಮೈದಾನದಾಗ ಕೂಡಿಸಿದ್ನಿ. ಹದಿನೆಂಟಾದ ಮ್ಯಾಲ ರೋಡಿಗೆ. ದಿನಾ ಮುಂಜಾನೆ ಶಿಷ್ಯರು ಬರೋಕಿಂತ ಮೊದಲ ಒಂದ್ ತಾಸು ಅಕೀನ ಓಡಿಸ್ತಾಳ."

"ಒಬ್ಬಾಕಿನ ಯಾವಾಗರ ಓಡಿಸ್ಯಾಳೇನ್ರಿ?"

"ಏ, ಅದ್ಹೆಂಗಾಗ್ತದ?" ಎಂದರು ಅಕ್ಕೋರು, ನಾನು ಕೇಳಬಾರದ್ದನ್ನು ಕೇಳಿದಂತೆ. "ನಾ ಇಲ್ಲದ ಈ ಗಾಡಿ ಯಾರೂ ಓಡಿಸಂಗಿಲ್ರಿ."

ಯಂತ್ರದ ಗೆರೆಗಳನ್ನು ಮರುದಿನ ಮತ್ತೆ ತೆಗೆದು ನೋಡಿದೆ. ಆ ಪಾಯಿಂಟ್ ನಾಲ್ಕು ಸೆಕೆಂಡು ನೀಲಾಳ ಪಾದ ಸುಮ್ಮನೆ ನಿಂತಿರಲಿಲ್ಲ. ಪೆಡಲಿನ ಮೇಲೆ ಬೆರಳ ತುದಿಯಿಂದ ಬಾಗಿಲು ತಟ್ಟುವಷ್ಟು ಮೆಲ್ಲಗೆ ಒತ್ತಿ ನೋಡುತ್ತಿತ್ತು. ಆ ಕಡೆ ಯಾರಾದರೂ ಇದ್ದಾರೆಯೇ, ಅವರು ಒತ್ತುತ್ತಿದ್ದಾರೆಯೇ ಎಂದು ಕೇಳುತ್ತಿತ್ತು. ಉತ್ತರ ಬರದಿದ್ದಾಗ ತಾನೇ ಒತ್ತುತ್ತಿತ್ತು. ಎಂಟು ವರ್ಷ ದಿನಾ ಒಂದು ತಾಸು, ಅದೂ ಎಳೆ ವಯಸ್ಸಿನಲ್ಲಿ. ಟೊಪ್ಪಿಗೆಯಿಲ್ಲದೆಯೇ ಅಚ್ಚು ಬಿದ್ದಿತ್ತು.

ತಾಯಿ ಮಗಳನ್ನು ಕರೆಸಿ ಕಾಮತರು ಎಲ್ಲವನ್ನೂ ಬಿಡಿಸಿ ಹೇಳಿದರು. "ಈ ಕಾಲಿನಿಂದ ಸಂಪಾತಿಗೆ ಒಪ್ಪಿಗೆ ಕೊಡಲಿಕ್ಕೆ ನನಗೆ ಬರುವುದಿಲ್ಲ. ಒಂದು ದಾರಿ ಇದೆ. ಟೊಪ್ಪಿಗೆಯನ್ನು ತಿರುಗಿಸಿ ನಡೆಸಿದರೆ ತಳದ ಅಚ್ಚನ್ನು ಒರೆಸಬಹುದು. ಜೀವಮಾನದಲ್ಲಿ ಒಂದೇ ಸಲ. ನಡೆಯುವುದಕ್ಕೆ, ಓಡುವುದಕ್ಕೆ ಏನೂ ತೊಂದರೆ ಇಲ್ಲ. ತಾಯಿ ಪಕ್ಕದಲ್ಲಿ ಕೂತು ಕಲಿಸಿದ್ದು ನೆನಪಿರುತ್ತದೆ. ಪಾದಕ್ಕೆ ಮಾತ್ರ ನೆನಪಿರುವುದಿಲ್ಲ."

ಅಕ್ಕೋರ ಮುಖದ ಬಣ್ಣವೇ ಇಳಿದುಹೋಯಿತು. ಆರು ಸಾವಿರ ಜನರನ್ನು ಕಾಯ್ದ ಕಾಲು ಹೆತ್ತ ಮಗಳ ದಾರಿಗೆ ಅಡ್ಡವಾಗಿದೆ ಎಂದು ಯಾರಾದರೂ ಹೇಳಿದರೆ ಇನ್ನೇನಾಗುತ್ತದೆ?

"ಒರಸಿ ಬಿಡ್ರಿ ಸರ್," ಎಂದರು ಕೂಡಲೇ. "ಇವತ್ತ ಒರಸಿ ಬಿಡ್ರಿ. ನನ್ನ ಕಾಲಿಂದು ಏನೇನ್ ಐತಿ ಎಲ್ಲಾ ತಗದ ಬಿಡ್ರಿ."

ನೀಲಾ ಅವರ ಕಡೆ ತಿರುಗಲಿಲ್ಲ. ನೆಲ ನೋಡುತ್ತ ಹೇಳಿದಳು. "ಒಂದ ದಿನ ಕಾಲ ತಗೀಬೇಕಿತ್ತವ್ವ ನೀ. ಒಂದ ದಿನ. ನಾ ಎಂಟ ವರ್ಷ ಓಡಿಸಿದ್ದು ಅರ್ಧಾ ಗಾಡಿ. ಉಳದರ್ಧಾ ನೀ ಓಡಿಸಿದಿ. ನನಗ ಒಬ್ಬಾಕಿಗೆ ನಿಲ್ಲಸಾಕ ಬರ್ತದೋ ಇಲ್ಲೋ ನನಗ ಇವತ್ತಿಗೂ ಗೊತ್ತಿಲ್ಲ."

ಅಕ್ಕೋರು ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡರು. ಮಾತಾಡಿದರೆ ಅಳು ಬರುತ್ತದೆ ಎಂದು ಸುಮ್ಮನಾದರೆಂದುಕೊಂಡೆ.

ನಾನು ಮಧ್ಯೆ ಬಾಯಿ ಹಾಕಿದೆ. ಹಾಕಬಾರದಿತ್ತೇನೋ, ಆದರೆ ಸುಮ್ಮನಿರುವ ಜಾಯಮಾನ ನನ್ನದಲ್ಲ. "ಡಾಕ್ಟ್ರೇ, ಒರೆಸುವ ಮೊದಲು ಒಂದು ಸಲ ಈ ಹುಡುಗಿಯನ್ನು ತೇನೆಯಲ್ಲಿ ಕೂರಿಸಿ ನೋಡೋಣ. ಟೊಪ್ಪಿಗೆ ಬೇಡ, ಬರೀ ಸಿಮ್ಯುಲೇಟರ್. ನಾನೇ ಪಕ್ಕದಲ್ಲಿ ಕೂರುತ್ತೇನೆ, ಅಲ್ಲಿ ಪೆಡಲಿನ ಆ ಕಡೆ ಇನ್ನೊಂದು ಕಾಲಿರುತ್ತದೆ."

"ನಿಮ್ಮ ತೇನೆ ಹುಚ್ಚು ನನಗೆ ಗೊತ್ತಿಲ್ಲವೇ?" ಎಂದು ಕಾಮತರು ನಕ್ಕರು. "ಹುಡುಗಿಗೆ ಸಮುದ್ರ ಬೇಕು. ನೀವು ಬೀದರ ತೋರಿಸುತ್ತೀರಿ."

ಅವರು ಹೇಳಿದ್ದು ಸರಿಯೇ. ತೇನೆಯಲ್ಲಿ ಕೂತವನಿಗೆ ಸಮುದ್ರವಿಲ್ಲ. ಕಾರವಾರದ ರನ್‌ವೇ ತುದಿಯಲ್ಲಿ ಒಂದಿಷ್ಟು ನೀರು ಕಾಣುತ್ತದೆ, ಅಷ್ಟೇ. ಇಪ್ಪತ್ತಾರು ವರ್ಷದಲ್ಲಿ ನನ್ನ ಜೊತೆಯವರು ಜಗತ್ತು ಸುತ್ತಿ ಬಂದರು, ನಾನು ಬಳ್ಳಾರಿಯ ಬಿಸಿಲಿನ ಬಗ್ಗೆ ಮಾತಾಡುವುದರಲ್ಲಿ ಪಂಡಿತನಾದೆ. ಹೊಟ್ಟೆಕಿಚ್ಚಾಗಿಲ್ಲ ಎಂದರೆ ಸುಳ್ಳಾಗುತ್ತದೆ. ಇದನ್ನೆಲ್ಲ ನೀಲಾಳಿಗೂ ಮುಚ್ಚಿಡದೆ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಒಂದ್ ಸಲ ಕೂತ್ ನೋಡ್ತೇನ್ರಿ," ಎಂದಳು.

ಶುಕ್ರವಾರ ಮಧ್ಯಾಹ್ನ ಕೂತೆವು. ತೇನೆಯಲ್ಲಿ ಕಾಲ ಕೆಳಗಿನ ಪೆಡಲುಗಳು ವಿಮಾನದ ಮೂತಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತವೆ. ಇಬ್ಬರು ಪೈಲಟ್‌ಗಳ ಪೆಡಲುಗಳನ್ನೂ ಸಲಾಕೆಯಿಂದ ಜೋಡಿಸಿರುತ್ತಾರೆ. ಒಬ್ಬ ಎಡಗಾಲು ಒತ್ತಿದರೆ ಇನ್ನೊಬ್ಬನ ಎಡ ಪೆಡಲೂ ಒಳಗೆ ಹೋಗಿ, ಬಲದ್ದು ಹಿಂದಕ್ಕೆ ಬರುತ್ತದೆ. ಏರುವಾಗ ಎಂಜಿನ್ ಕೆಟ್ಟರೆ ವಿಮಾನವನ್ನು ಉಳಿಸುವುದು ಈ ಪೆಡಲುಗಳೇ. ಎಡ ಎಂಜಿನ್ ಹೋದರೆ ಮೂತಿ ಎಡಕ್ಕೆ ಹೊರಳುತ್ತದೆ, ಬಲಗಾಲು ಒತ್ತಬೇಕು. ಬಲದ್ದು ಹೋದರೆ ಎಡಗಾಲು. ಸಣ್ಣ ಮಕ್ಕಳಿಗೂ ಅರ್ಥವಾಗುವ ಲೆಕ್ಕ. ಈ ಒಂದು ಲೆಕ್ಕವನ್ನು ಮೂರು ದಿನ ನೀಲಾಳಿಗೆ ಬಾಯಿಪಾಠ ಮಾಡಿಸಿದ್ದೆ. ಯಾವ ಎಂಜಿನ್ನನ್ನು ಯಾವಾಗ ಕೆಡಿಸುವುದು ಎಂಬುದು ಕಂಟ್ರೋಲ್ ರೂಮಿನಲ್ಲಿದ್ದ ಕಾಮತರ ಕೈಯಲ್ಲಿತ್ತು, ನಮಗಿಬ್ಬರಿಗೂ ಗೊತ್ತಿರಲಿಲ್ಲ. ಅಕ್ಕೋರು ಕಾಮತರ ಪಕ್ಕದಲ್ಲಿ ಕೂತು ಗಾಜಿನಾಚೆಯಿಂದ ನೋಡುತ್ತಿದ್ದರು.

ವಿಮಾನ ಹಾರಿಸುತ್ತಿದ್ದವಳು ನೀಲಾ. ನಾನು ಕೈಕಾಲು ಸಡಿಲ ಬಿಟ್ಟು ಕೂತ ಜೊತೆಗಾರ. ರನ್‌ವೇ ಹಿಂದೆ ಸರಿಯಿತು, ಮೂತಿ ಎದ್ದಿತು, ನೆಲ ಕೆಳಗೆ ಬಿತ್ತು. ಇನ್ನೂರು ಅಡಿ ಏರಿರಬೇಕು. ಧಡ್ ಎಂದು ಒಂದು ಸದ್ದಾಗಿ ಇಡೀ ಕೋಣೆ ಹೊರಳಿತು.

ನನ್ನ ಕಾಲು ಹೋಯಿತು. ನಾನು ಕಳಿಸಿದ್ದಲ್ಲ, ಅದೇ ಹೋಯಿತು. ಎಡಗಾಲು ಪೂರ್ತಿ ಜೋರಿನಿಂದ ಪೆಡಲನ್ನು ಮೆಟ್ಟಿತು. ಮೂತಿ ಎಡಕ್ಕೆ ಹೊರಳುತ್ತಲೇ ಇತ್ತು, ಇನ್ನೂ ಜೋರಾಗಿ. ಕೆಟ್ಟಿದ್ದು ಎಡ ಎಂಜಿನ್. ಒತ್ತಬೇಕಾದದ್ದು ಬಲಗಾಲು. ನಾನು ತಪ್ಪು ಕಾಲು ಕೊಟ್ಟಿದ್ದೆ, ಕೊಟ್ಟಿದ್ದೇನೆಂದು ನನಗೆ ಗೊತ್ತೂ ಆಗಿರಲಿಲ್ಲ.

"ಸರ್, ಕಾಲ ತಗೀರಿ."

ನೀಲಾಳ ದನಿ ಏರಿರಲಿಲ್ಲ. ಕ್ಲಚ್ ಹಗೂರಕ ಬಿಡ್ರಿ ಎಂದವರ ದನಿಯೇ ಅದು. ನಾನು ಕಾಲು ತೆಗೆದೆ. ನೀಲಾಳ ಬಲಗಾಲು ಇಳಿಯಿತು, ಹೊರಳುತ್ತಿದ್ದ ಕೋಣೆ ನಿಂತಿತು, ರೆಕ್ಕೆಗಳು ಸಮವಾದವು. ಒಂದೇ ಎಂಜಿನ್ನಿನ ಮೇಲೆ ತೇನೆ ನಿಧಾನವಾಗಿ ಏರತೊಡಗಿತು.

ಕಾಮತರು ಗೆರೆಗಳನ್ನು ದೊಡ್ಡ ಪರದೆಯ ಮೇಲೆ ಹಾಕಿ ಓದಿ ಹೇಳಿದರು. ಸದ್ದಾದ ಕೂಡಲೇ ನೀಲಾಳ ಬಲ ಪಾದ ಸರಿಯಾದ ಪೆಡಲಿನ ಮೇಲೆ ಬಂದಿತ್ತು, ಬಂದು ಎಂದಿನಂತೆ ತಡೆದು ಕೇಳಿತ್ತು. ಈ ಸಲ ಆ ಕಡೆಯಿಂದ ಉತ್ತರ ಬಂದಿತ್ತು. ಒಳಗೆ ಹೋಗಬೇಕಾದ ಪೆಡಲು ಪಾದವನ್ನೇ ಹಿಂದಕ್ಕೆ ನೂಕುತ್ತಿತ್ತು. ಯಾರೋ ತಪ್ಪು ಒತ್ತುತ್ತಿದ್ದಾರೆ ಎಂದು ತಿಳಿದದ್ದು ಪಾದಕ್ಕೆ. ಅಲ್ಲಿಂದ ಬಾಯಿಗೆ ಮಾತು ಬಂದು, ನನ್ನ ಕಾಲು ಎದ್ದು, ಅವಳ ಕಾಲು ಇಳಿಯುವವರೆಗೆ ಒಟ್ಟು ಒಂದೂವರೆ ಸೆಕೆಂಡು.

"ಬೇರೆಯವರಾಗಿದ್ದರೆ ತಡೆಯದೆ ಮೆಟ್ಟುತ್ತಿದ್ದರು," ಎಂದರು ಕಾಮತರು. "ನೀವು ಎಡಕ್ಕೆ, ಅವರು ಬಲಕ್ಕೆ. ಎರಡು ಕಾಲುಗಳ ಕುಸ್ತಿ. ಇನ್ನೂರು ಅಡಿಯಲ್ಲಿ ಕುಸ್ತಿ ಹಿಡಿಯಲಿಕ್ಕೆ ಸಮಯ ಎಲ್ಲಿದೆ? ವಿಮಾನ ನೆಲಕ್ಕೆ ಬೀಳುತ್ತಿತ್ತು."

ಆಮೇಲೆ ನನ್ನನ್ನು ಕೂರಿಸಿ ನನ್ನ ತಳವನ್ನೇ ಕೆದಕಿದರು. ನಾನು ಕಲಿಯುವ ಕಾಲಕ್ಕೆ ನನ್ನ ಗುರುಗಳು ಯಾವಾಗಲೂ ಬಲ ಎಂಜಿನ್ನನ್ನೇ ಕೆಡಿಸಿ ತೋರಿಸುತ್ತಿದ್ದರು. ಆ ಗುಂಡಿ ಅವರ ಕೈಗೆ ಹತ್ತಿರವಿತ್ತು, ಬೇರೆ ಕಾರಣವಿಲ್ಲ. ನನ್ನ ಕಾಲು ಕಲಿತದ್ದು, "ಎಂಜಿನ್ ಕೆಟ್ಟರೆ ಎಡಗಾಲು" ಎಂಬ ಅರ್ಧ ಪಾಠ. ಇಪ್ಪತ್ತಾರು ವರ್ಷ, ಲಕ್ಷಾಂತರ ಪ್ರಯಾಣಿಕರು, ಒಂದು ಸಲವೂ ಎಂಜಿನ್ ಕೆಡಲಿಲ್ಲ. ನನ್ನ ನೈಪುಣ್ಯ ಅಂತ ಬೀಗುತ್ತಿದ್ದೆನಲ್ಲ, ಅದು ಎಂಜಿನ್ ಮೆಕ್ಯಾನಿಕ್‌ಗಳ ಪುಣ್ಯವಾಗಿತ್ತು. "ತಪ್ಪು ನನ್ನ ಕಾಲಿನದು" ಎಂದು ದಾಖಲೆಯಲ್ಲಿ ಬರೆದು ಸಹಿ ಹಾಕಿದೆ. ಇನ್ನು ಮೇಲೆ ಆ ಜೊತೆಗಾರನ ಸೀಟಿನಲ್ಲಿ ನಾನು ಕೂರುವಂತಿಲ್ಲ. ಬರೆಯಬೇಡಿ ಎಂದು ನೀಲಾ ಕೈ ಹಿಡಿದುಕೊಂಡಳು. "ನೀ ಕಾಲ ತಗೀರಿ ಅಂದಿ, ತಗದೆ. ಇದನ್ನ ಬ್ಯಾಡ ಅನಬ್ಯಾಡ," ಎಂದೆ. ಆ ಹುಡುಗಿಯ ಮೇಲೆ ನನಗೆ ಹುಟ್ಟಿದ ಗೌರವವನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು. ಈಗ ಹೇಳುತ್ತೇನೆ: ಹಿರಿಯನ ಕಾಲು ತಪ್ಪಿದಾಗ ಅಷ್ಟು ತಣ್ಣಗೆ, ಅಷ್ಟು ಮರ್ಯಾದೆಯಿಂದ ಅದನ್ನು ತೆಗೆಸಿದವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ.

ಶನಿವಾರ ಹತ್ತು ಗಂಟೆಗೆ ತಾಯಿ ಮಗಳು ಬಂದರು. ಮೇಜಿನ ಮೇಲೆ ಎರಡು ಅರ್ಜಿಗಳಿದ್ದವು. ಒಂದು ಒರೆಸಿ ಸಂಪಾತಿಗೆ ಸೇರುವುದಕ್ಕೆ, ಇನ್ನೊಂದು ಇದ್ದ ಹಾಗೆಯೇ ತೇನೆಗೆ ಸೇರುವುದಕ್ಕೆ. ಒರೆಸಿದರೆ ಪಾದ ತಡೆಯುವುದು ನಿಲ್ಲುತ್ತದೆ ಎಂಬುದರಲ್ಲಿ ಅನುಮಾನವಿಲ್ಲ ಎಂದು ಕಾಮತರು ಮತ್ತೊಮ್ಮೆ ಹೇಳಿದರು. ಹಾಗೆಯೇ ಉಳಿಸಿಕೊಂಡರೆ ಸಮುದ್ರ ಎಂದಿಗೂ ಇಲ್ಲ ಎಂಬುದರಲ್ಲೂ ಅನುಮಾನವಿರಲಿಲ್ಲ.

ಅಕ್ಕೋರು ಸಂಪಾತಿಯ ಅರ್ಜಿಯನ್ನು ಮಗಳ ಮುಂದೆ ಸರಿಸಿದರು. "ಇದಕ್ಕ ಸಹಿ ಹಾಕು. ನಿನ್ನೆ ನೋಡಿದ್ನಿ. ಅಷ್ಟ ದೊಡ್ಡ ಸರ್‌ಗೆ ಕಾಲ ತಗೀರಿ ಅಂದಿ. ನನಗ ಎಂಟ ವರ್ಷದಾಗ ಒಂದ ದಿನಾ ಅನಲಿಲ್ಲ ನೀ."

"ನಿನ್ನ ಕಾಲು ಎಂದೂ ತಪ್ಪಲಿಲ್ಲಲ್ಲವ್ವ," ಎಂದಳು ನೀಲಾ. "ತಪ್ಪಿದ್ರ ಅಂತಿದ್ನಿ. ನಾ ಒತ್ತೋ ಹೊತ್ತಿಗೇ ನೀನೂ ಸರಿಯಾಗಿ ಒತ್ತತಿದ್ದಿ."

ಅಕ್ಕೋರು ಅರ್ಜಿಯ ಮೇಲಿಂದ ಕೈ ತೆಗೆದರು. ಬ್ರೇಕ್ ಅಕ್ಕೋರು ತಮ್ಮ ವೃತ್ತಿಯ ಗುಟ್ಟನ್ನು ಬಿಟ್ಟುಕೊಡಲು ತಯಾರಾಗುತ್ತಿದ್ದಾರೆ ಎಂದು ನನಗೆ ಆಗ ತಿಳಿಯಲಿಲ್ಲ.

"ನಾ ಒತ್ತಲಿಲ್ಲ," ಎಂದರು.

"ಏನು?"

"ಮೊದಲನೇ ವಾರ ಒತ್ತಿದ್ನಿ. ಆಮೇಲೆ ಒಂದ ಸಲಾನೂ ಒತ್ತಿಲ್ಲ. ಕಾಲ ಇಟ್ಕೊಂಡ ಕೂತಿದ್ನಿ ಅಷ್ಟ. ಇದನ್ನ ಕಲಿಯೋರಿಗೆ ಹೇಳಬಾರದು. ಹೇಳಿದ್ರ ತಮಗ ಎಲ್ಲಾ ಬರ್ತದಂತ ಗಾಡಿ ಜೋರ್ ಬಿಡ್ತಾರ."

ನೀಲಾ ತಾಯಿಯ ಮುಖವನ್ನೇ ನೋಡಿದಳು. "ಕುಸುಗಲ್ ರೋಡಿನ್ಯಾಗ ಎಮ್ಮಿ ಅಡ್ಡ ಬಂತಲ್ಲ?"

"ನೀನ ನಿಲ್ಲಿಸಿದಿ."

"ಹಳೇ ಹುಬ್ಬಳ್ಳಿ ಇಳಿಜಾರಿನ್ಯಾಗ, ಮಳಿ ಬಂದಾಗ?"

"ನೀನ."

"ಆ ಟ್ರ್ಯಾಕ್ಟರ್ ಹಿಂದಕ್ಕ ಬಂದಿದ್ದು? ನೀ ಚೀರಿದಿ ಆವಾಗ."

"ಚೀರಿದ್ನಿ. ಒತ್ತಲಿಲ್ಲ. ನಾ ಚೀರೋಕಿಂತ ಮೊದಲ ನೀ ನಿಲ್ಲಿಸಿದ್ದಿ." ಅಕ್ಕೋರು ಮಗಳ ಕಡೆ ಸರಿದು ಕೂತರು. "ಎಲ್ಲಾ ನೀನ ನಿಲ್ಲಿಸಿದ್ದವ್ವ. ಇಡೀ ಗಾಡಿ ನೀನ ಓಡಿಸಿದ್ದು."

ಕಾಮತರು ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ನೀಲಾ ಅಳಲಿಲ್ಲ, ನಗಲೂ ಇಲ್ಲ. ಎಂಟು ವರ್ಷದ ಒಂದೊಂದು ಮುಂಜಾನೆಯನ್ನೂ ಮೊದಲಿನಿಂದ ಎಣಿಸಿಕೊಳ್ಳುತ್ತಿದ್ದಳೋ ಏನೋ. ಆಮೇಲೆ ತೇನೆಯ ಅರ್ಜಿಯನ್ನು ಎಳೆದುಕೊಂಡಳು.

"ಹುಚ್ಚಿ, ಸಮುದ್ರ?" ಎಂದರು ಅಕ್ಕೋರು.

"ಬ್ಯಾಸರ ಆಗ್ತದವ್ವ. ಭಾಳ ಆಗ್ತದ," ಎಂದಳು ನೀಲಾ ಬರೆಯುತ್ತಲೇ. "ಆದ್ರ ಸಂಪಾತಿಯೊಳಗ, ಯಾರೂ ಇಲ್ಲದ ಕೋಣ್ಯಾಗ ಕೂತು ಜೀವಮಾನ ಯಾರನೋ ಹುಡುಕೋದು ಬ್ಯಾಡ. ಹುಡುಕೋದನ್ನ ಒರಸಿಕೊಳ್ಳೋದೂ ಬ್ಯಾಡ."

ಆಯ್ಕೆಯ ಕಾರಣ ಬರೆಯಲು ಅರ್ಜಿಯಲ್ಲಿ ಎಂಟು ಸಾಲು ಜಾಗ ಬಿಟ್ಟಿರುತ್ತಾರೆ. ಅವಳು ಒಂದೇ ಸಾಲು ಬರೆದು ನನ್ನ ಕಡೆ ತಿರುಗಿಸಿದಳು. "ನನಗೆ ಒಬ್ಬಳೇ ನಿಲ್ಲಿಸಲು ಬರುತ್ತದೆ. ಆದ್ದರಿಂದ ಇಬ್ಬರ ವಿಮಾನ ಕೊಡಿ."